ಸಹಿ ಕೇಳುವ ಮೊದಲು ನನ್ನನ್ನು ಕೇಳಿ

ಚಿಕಿತ್ಸೆ ಕೊಡುವ ಡಾಕ್ಟರುಗಳಿಗೆ ಮತ್ತು ಆಸ್ಪತ್ರೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನನ್ನ ಬಲ ಮಂಡಿಯ ಆಪರೇಷನ್ನಿಗೆ ನಾನು ಸಹಿ ಹಾಕಿದ್ದು ಸ್ಟ್ರೆಚರ್ ಮೇಲೆ ಮಲಗಿಕೊಂಡು. ಕಣ್ಣಿಗೆ ಕನ್ನಡಕ ಇರಲಿಲ್ಲ. ವಾಚು, ಕನ್ನಡಕ ಎಲ್ಲ ಬಿಚ್ಚಿಸಿ ಒಂದು ಕವರಿಗೆ ಹಾಕಿ ಹೊರಗೆ ಕಳಿಸಿಯಾಗಿತ್ತು. ಆಮೇಲೆ ಒಬ್ಬ ಹುಡುಗ ಪ್ಯಾಡ್ ಹಿಡಿದುಕೊಂಡು ಬಂದ. ನಾಲ್ಕು ಹಾಳೆ. "ಇಲ್ಲೊಂದು ಸಹಿ ಮೇಡಂ, ಇಲ್ಲೊಂದು, ಇಲ್ಲಿ ಕೊನೇದು" ಎಂದ. ಅವನು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಹಾಕಿದೆ. ಸಹಿ ಗೆರೆಯ ಮೇಲೆ ಬಿತ್ತೋ ಗೆರೆ ದಾಟಿ ಬಿತ್ತೋ, ಅದೂ ನನಗೆ ಕಾಣಲಿಲ್ಲ.

31 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಹಂತಗಳನ್ನು ಬಿಟ್ಟು ಬರೀ ಉತ್ತರ ಬರೆದ ಮಕ್ಕಳಿಗೆ ಯಾವತ್ತೂ ಪೂರ್ತಿ ಅಂಕ ಕೊಟ್ಟವಳಲ್ಲ. ಅಂಥವಳು ಅವತ್ತು ಪ್ರಶ್ನೆಯನ್ನೂ ಓದದೆ ಉತ್ತರದ ಕೆಳಗೆ ಸಹಿ ಮಾಡಿದೆ.

ಮೊದಲೇ ಹೇಳಿಬಿಡುತ್ತೇನೆ, ಆ ಸರ್ಜನ್ ಮೇಲೆ ನನಗೆ ಸಿಟ್ಟಿಲ್ಲ. ಕೈಗುಣ ಚೆನ್ನಾಗಿತ್ತು. ಗಾಯ ಬೇಗ ಮಾಯಿತು. ವಯಸ್ಸಾಗಿ ಸವೆದ ಮಂಡಿಯೊಳಗೆ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ, ಹರಿದ ಚೂರುಗಳನ್ನು ಕೆರೆದು ತೆಗೆದು, ನೀರು ಹಾಯಿಸಿ ತೊಳೆಯುವ ಆಪರೇಷನ್ ಅದು. ಆರ್ಥ್ರೋಸ್ಕೋಪಿ ಅಂತಾರೆ. ನೋವು ಮೂರು ತಿಂಗಳು ಕಡಿಮೆ ಇತ್ತು. ನಾಲ್ಕನೇ ತಿಂಗಳು ಏನೂ ಆಗಿಲ್ಲವೆಂಬಂತೆ ವಾಪಸ್ ಬಂತು.

ಎರಡು ವರ್ಷ ಕಳೆದ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಈಗ ಅವಳು ಫಿಸಿಯೋಥೆರಪಿಸ್ಟ್. ನನ್ನ ಕತೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದು ಅಧ್ಯಯನದ ಬಗ್ಗೆ ಹೇಳಿದಳು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಬ್ರೂಸ್ ಮೋಸ್ಲಿ ಎಂಬ ಸರ್ಜನ್ ಮತ್ತು ಅವರ ಜೊತೆಯವರು ಸವೆದ ಮಂಡಿಯ 180 ಜನರನ್ನು ಮೂರು ಗುಂಪು ಮಾಡಿದರಂತೆ. ಒಂದು ಗುಂಪಿಗೆ ಮಂಡಿಯೊಳಗೆ ಕೆರೆದು ತೆಗೆದರು. ಇನ್ನೊಂದಕ್ಕೆ ಬರೀ ತೊಳೆದರು. ಮೂರನೆಯದಕ್ಕೆ ಚರ್ಮ ಕೊಯ್ದು ಹೊಲಿದರು ಅಷ್ಟೇ, ಒಳಗೆ ಏನೂ ಮಾಡಲಿಲ್ಲ. ಯಾರಿಗೆ ಏನು ಮಾಡಿದ್ದಾರೆಂದು ರೋಗಿಗಳಿಗೆ ಗೊತ್ತಿಲ್ಲ. ಎರಡು ವರ್ಷ ನೋಡಿದರು. ಏನೂ ಮಾಡಿಸಿಕೊಳ್ಳದವರಿಗಿಂತ ಉಳಿದ ಎರಡು ಗುಂಪಿನವರ ನೋವೇನೂ ಕಡಿಮೆ ಆಗಿರಲಿಲ್ಲ. ಇದು ಅಚ್ಚಾಗಿದ್ದು 2002ರಲ್ಲಿ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಜ್ಞರ ಒಂದು ತಂಡ, ಹೀಗೆ ಸವೆದ ಮಂಡಿಗೆ ಈ ಆಪರೇಷನ್ ಬೇಡವೇ ಬೇಡ ಎಂದು ಬರೆಯಿತು.

ನನ್ನ ಆಪರೇಷನ್ ಆಗಿದ್ದು ಅದರ ಮರುವರ್ಷ.

ಇದನ್ನೆಲ್ಲ ಮೊದಲೇ ಹೇಳಿದ್ದರೂ ನಾನು ಮಾಡಿಸಿಕೊಳ್ಳುತ್ತಿದ್ದೆನೋ ಏನೋ. ನೋವಲ್ಲಿ ಇರುವವರು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ. ಆದರೆ ಆಗ ಅದು ನನ್ನ ತಪ್ಪಾಗಿರುತ್ತಿತ್ತು. ಈಗ ಅದು ಯಾರ ತಪ್ಪು ಎಂದೇ ಗೊತ್ತಾಗುವುದಿಲ್ಲ. ಹಾಳೆಯ ಮೇಲಂತೂ ನನ್ನ ಸಹಿ ಇದೆ.

ಅವತ್ತಿನಿಂದ ನಾನು ಈ ಸಹಿಯ ಹಿಂದೆ ಬಿದ್ದೆ. ನಿವೃತ್ತಳಾದವಳಿಗೆ ಬೇಕಾದಷ್ಟು ಸಮಯ. ಓದಿದ್ದರಲ್ಲಿ ಕೆಲವನ್ನು ನಿಮ್ಮ ಮುಂದೆ ಇಡುತ್ತೇನೆ. ನಿಮಗೆ ಇದರಲ್ಲಿ ಹೊಸದು ಏನೂ ಇರಲಿಕ್ಕಿಲ್ಲ. ನಮ್ಮಂಥವರೂ ಇದನ್ನು ಓದುತ್ತೇವೆ ಅನ್ನುವುದಷ್ಟೇ ಹೊಸದು.

1908ರಲ್ಲಿ ನ್ಯೂಯಾರ್ಕ್‌ನ ಒಂದು ಆಸ್ಪತ್ರೆಗೆ ಮೇರಿ ಶ್ಲೋಯೆನ್‌ಡಾರ್ಫ್ ಎಂಬ ಹೆಂಗಸು ಸೇರಿದರು. ಹೊಟ್ಟೆಯಲ್ಲಿ ಗಡ್ಡೆ ಇತ್ತು. ಪ್ರಜ್ಞೆ ತಪ್ಪಿಸುವ ಈಥರ್ ಕೊಟ್ಟು ಪರೀಕ್ಷೆ ಮಾಡಿ ಸಾಕು, ಆಪರೇಷನ್ ಬೇಡ ಎಂದು ಆಕೆ ಹೇಳಿದ್ದರು. ಎಚ್ಚರವಾದಾಗ ಗಡ್ಡೆ ತೆಗೆದಾಗಿತ್ತು. ಆಮೇಲೆ ಎಡಗೈಗೆ ಗ್ಯಾಂಗ್ರೀನ್ ಆಗಿ ಕೆಲವು ಬೆರಳು ಕತ್ತರಿಸಬೇಕಾಯಿತು. ಕೋರ್ಟಿಗೆ ಹೋದರು. 1914ರಲ್ಲಿ ನ್ಯಾಯಾಧೀಶ ಬೆಂಜಮಿನ್ ಕಾರ್ಡೋಜೊ, ಬುದ್ಧಿ ನೆಟ್ಟಗಿರುವ ಪ್ರತಿ ವಯಸ್ಕರಿಗೂ ತಮ್ಮ ದೇಹಕ್ಕೆ ಏನು ಮಾಡಬೇಕೆಂದು ತೀರ್ಮಾನಿಸುವ ಹಕ್ಕಿದೆ ಎಂದು ಬರೆದರು. ಒಪ್ಪಿಗೆಯ ಮಾತು ಬಂದಲ್ಲೆಲ್ಲ ಜನ ಈ ಸಾಲನ್ನು ಎತ್ತಿ ಹೇಳುತ್ತಾರೆ. ಆದರೆ ಆಕೆ ಆ ಕೇಸು ಗೆಲ್ಲಲಿಲ್ಲ ಅನ್ನುವುದನ್ನು ಹೇಳುವವರು ಕಡಿಮೆ. ಧರ್ಮಾರ್ಥ ಆಸ್ಪತ್ರೆ, ಅದರ ಮೇಲೆ ಹೊಣೆ ಹೊರಿಸುವಂತಿಲ್ಲ ಎಂದಾಯಿತು. ಸಾಲು ಉಳಿಯಿತು, ಆಕೆಯ ಕೈಗೆ ಏನೂ ಬರಲಿಲ್ಲ.

ಒಂದು ಶತಮಾನ ದಾಟಿ, 2015ರಲ್ಲಿ, ಬ್ರಿಟನ್ನಿನ ಸುಪ್ರೀಂ ಕೋರ್ಟು ನಡೀನ್ ಮಾಂಟ್ಗೊಮರಿ ಎಂಬ ತಾಯಿಯ ಕೇಸಿನಲ್ಲಿ ತೀರ್ಪು ಕೊಟ್ಟಿತು. ಆಕೆಗೆ ಸಕ್ಕರೆ ಕಾಯಿಲೆ, ಆಳು ಗಿಡ್ಡ, ಮಗು ದೊಡ್ಡದು. ಅಂಥವರಿಗೆ ಸಹಜ ಹೆರಿಗೆಯಲ್ಲಿ ಮಗುವಿನ ಹೆಗಲು ಸಿಕ್ಕಿಕೊಳ್ಳುವ ಸಂಭವ ನೂರಕ್ಕೆ 9ರಿಂದ 10. ಡಾಕ್ಟರಿಗೆ ಇದು ಗೊತ್ತಿತ್ತು. ಹೇಳಲಿಲ್ಲ. ಹೇಳಿದರೆ ಎಲ್ಲರೂ ಸಿಸೇರಿಯನ್ ಕೇಳುತ್ತಾರೆ, ಮಗುವಿಗೆ ನಿಜಕ್ಕೂ ತೊಂದರೆ ಆಗುವುದು ತೀರಾ ಅಪರೂಪ ಅನ್ನುವುದು ಅವರ ಲೆಕ್ಕ. 1999ರಲ್ಲಿ ಮಗು ಹುಟ್ಟಿತು. ಹೆಗಲು ಸಿಕ್ಕಿಕೊಂಡಿತು, ಉಸಿರು ಸಿಗಲಿಲ್ಲ, ಮೆದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಬಾರದ ಸೆರೆಬ್ರಲ್ ಪಾಲ್ಸಿ ಮಗುವಿಗೆ ಆಯಿತು. ಏನು ಹೇಳಬೇಕು, ಏನು ಬಿಡಬೇಕು ಅನ್ನುವುದನ್ನು ಅಲ್ಲಿಯವರೆಗೆ ಬೇರೆ ಡಾಕ್ಟರುಗಳ ರೂಢಿ ನೋಡಿ ಅಳೆಯುತ್ತಿದ್ದರು. ಕೋರ್ಟು ಅಳತೆಗೋಲನ್ನೇ ಬದಲಿಸಿತು. ಆ ರೋಗಿಯ ಜಾಗದಲ್ಲಿ ಕೂತ ಮನುಷ್ಯನಿಗೆ ಯಾವುದು ಮುಖ್ಯ ಅನಿಸುತ್ತದೋ ಅದನ್ನು ಹೇಳಲೇಬೇಕು ಎಂದಿತು.

ಆ ರೋಗಿಗೆ ಯಾವುದು ಮುಖ್ಯ ಎಂದು ತಿಳಿಯಬೇಕಾದರೆ ಆ ರೋಗಿಯನ್ನೇ ಕೇಳಬೇಕು, ಅಲ್ವಾ? ನಾನು ಕೇಳುತ್ತಿರುವುದೂ ಇಷ್ಟೇ.

"ನಿಮಗೇನು ಗೊತ್ತು, ನಾವು ಹೇಳಿದ ಹಾಗೆ ಮಾಡಿ" ಎಂದು ಈಗ ಬಾಯಿಬಿಟ್ಟು ಹೇಳುವ ಡಾಕ್ಟರು ಕಡಿಮೆ. ಆದರೆ ಪ್ರಶ್ನೆ ಕೇಳಿದರೆ ಮುಖ ಸಣ್ಣದಾಗುವುದನ್ನು ನಾನು ನೋಡಿದ್ದೇನೆ. ನಂಬಿಕೆ ಇಲ್ಲವೇನೋ ಎಂದುಕೊಳ್ಳುತ್ತೀರಿ. ಇನ್ನೊಬ್ಬರ ಅಭಿಪ್ರಾಯ ಕೇಳುತ್ತೇನೆ ಎಂದರಂತೂ ಮುಗಿಯಿತು. ಅದಕ್ಕೇ ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕ ಹೇಳುತ್ತೇನೆ. ಇದನ್ನು ನಾನು ಕೆಲಸದಲ್ಲಿದ್ದಾಗಲೇ ಓದಿದ್ದರೆ ಹತ್ತನೇ ತರಗತಿಗೆ ಖಂಡಿತ ಕೊಡುತ್ತಿದ್ದೆ.

1934ರಲ್ಲಿ ಪ್ರಕಟವಾದದ್ದು. ನ್ಯೂಯಾರ್ಕ್‌ನ ಶಾಲೆಗಳಿಂದ 11 ವರ್ಷದ 1000 ಮಕ್ಕಳನ್ನು ಆರಿಸಿದರು. ನೋಡಿದರೆ 611 ಮಕ್ಕಳಿಗೆ ಆಗಲೇ ಟಾನ್ಸಿಲ್ ತೆಗೆದಾಗಿತ್ತು. ಉಳಿದವರು 389. ಅವರನ್ನು ಡಾಕ್ಟರುಗಳಿಗೆ ತೋರಿಸಿದರು. 174 ಮಕ್ಕಳಿಗೆ ಟಾನ್ಸಿಲ್ ತೆಗೆಯಬೇಕು ಎಂದರು. ಉಳಿದವರು 215. ಅಂದರೆ ಇವರದು ಚೆನ್ನಾಗಿದೆ ಎಂದು ಡಾಕ್ಟರೇ ಹೇಳಿದ ಮಕ್ಕಳು. ಅವರನ್ನು ಬೇರೆ ಡಾಕ್ಟರುಗಳಿಗೆ ತೋರಿಸಿದರು. 99 ಮಕ್ಕಳಿಗೆ ತೆಗೆಯಬೇಕು ಎಂದರು. ಉಳಿದವರು 116. ಇವರದು ಚೆನ್ನಾಗಿದೆ ಎಂದು ಎರಡು ಸಲ ಹೇಳಿಸಿಕೊಂಡ ಮಕ್ಕಳು. ಮತ್ತೆ ಬೇರೆ ಡಾಕ್ಟರುಗಳು. 51 ಮಕ್ಕಳಿಗೆ ತೆಗೆಯಬೇಕು ಎಂದರು. ಕೊನೆಗೆ ಉಳಿದದ್ದು 65. ಅವರನ್ನು ಮತ್ತೆ ಪರೀಕ್ಷೆಗೆ ಕಳಿಸಲಿಲ್ಲ, ಯಾಕೆಂದರೆ ಪರೀಕ್ಷೆ ಮಾಡಲು ಡಾಕ್ಟರುಗಳೇ ಮುಗಿದುಹೋಗಿದ್ದರಂತೆ.

ಪ್ರತಿ ಸುತ್ತಿನ ಶೇಕಡಾ ಹಾಕಿ ನೋಡಿ. ಸುಮಾರು 45. ಮತ್ತೆ 46. ಮತ್ತೆ 44. ಎದುರಿಗೆ ಯಾವ ಮಕ್ಕಳನ್ನು ನಿಲ್ಲಿಸಿದರೂ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮಕ್ಕಳ ಗಂಟಲು ಕೆಟ್ಟಿರುತ್ತದೆ! ಆ ಡಾಕ್ಟರುಗಳಲ್ಲಿ ಯಾರೂ ಮೋಸ ಮಾಡುತ್ತಿರಲಿಲ್ಲ. ಅವರಿಗೆ ಕಂಡದ್ದನ್ನೇ ಹೇಳಿದರು. ಆದರೆ ಕಾಣುವುದರಲ್ಲಿ ಗಂಟಲು ಎಷ್ಟು, ನೋಡುವವರ ಅಭ್ಯಾಸ ಎಷ್ಟು ಎಂದು ಅವರಿಗೇ ಗೊತ್ತಿರಲಿಲ್ಲ. 1973ರಲ್ಲಿ ಜಾನ್ ವೆನ್‌ಬರ್ಗ್ ಮತ್ತು ಅಲನ್ ಗಿಟಲ್‌ಸನ್ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಎಣಿಸಿದಾಗಲೂ ಇದೇ ಕತೆ. ಟಾನ್ಸಿಲ್ ಆಪರೇಷನ್ ಒಂದು ಕಡೆ 10,000 ಜನಕ್ಕೆ 13, ಇನ್ನೊಂದು ಕಡೆ 151. ಗಂಟಲುಗಳು ಊರಿಂದೂರಿಗೆ ಅಷ್ಟು ಬದಲಾಗುವುದಿಲ್ಲ.

ಹಾಗಾಗಿ ರೋಗಿ "ಇದು ಬೇಕೇ ಬೇಕಾ?" ಎಂದು ಕೇಳಿದರೆ ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಓದನ್ನು ಯಾರೂ ಅಳೆಯುತ್ತಿಲ್ಲ. ಆ 215 ಮಕ್ಕಳಲ್ಲಿ ಒಬ್ಬರ ಅಮ್ಮ ಕೇಳುತ್ತಿದ್ದಾಳೆ ಅಂದುಕೊಳ್ಳಿ.

ಕೇಳಿದ್ದರಿಂದ ನಿಮ್ಮ ವಿದ್ಯೆಯೇ ಬದಲಾದದ್ದೂ ಉಂಟು. 1970ರ ದಶಕದಲ್ಲಿ ಅಮೆರಿಕದಲ್ಲಿ ಎದೆಯಲ್ಲಿ ಗಂಟು ಕಂಡ ಹೆಂಗಸರನ್ನು ಮಲಗಿಸಿ, ಅರಿವಳಿಕೆ ಕೊಟ್ಟು, ಗಂಟಿನ ಚೂರು ತೆಗೆದು ಅಲ್ಲೇ ಪರೀಕ್ಷೆ ಮಾಡುತ್ತಿದ್ದರು. ಕ್ಯಾನ್ಸರ್ ಎಂದು ಬಂದರೆ ಆಕೆಯನ್ನು ಎಬ್ಬಿಸದೆ, ಕೇಳದೆ, ಸ್ತನವನ್ನೇ ತೆಗೆದುಬಿಡುತ್ತಿದ್ದರು. ಕಣ್ಣು ಬಿಟ್ಟಾಗ ಎದೆ ಇರುತ್ತದೋ ಇಲ್ಲವೋ ಎಂದು ತಿಳಿಯದೆ ಹೆಂಗಸರು ನಿದ್ದೆಗೆ ಜಾರುತ್ತಿದ್ದರು. ಇದನ್ನು ಬರೆಯುವಾಗಲೂ ನನಗೆ ಮೈ ಜುಮ್ ಅನ್ನುತ್ತದೆ. 1974ರಲ್ಲಿ ರೋಸ್ ಕುಶ್ನರ್ ಎಂಬ ಪತ್ರಕರ್ತೆಗೆ ಗಂಟು ಕಂಡಿತು. ಮೊದಲು ಪರೀಕ್ಷೆ ಮಾತ್ರ ಮಾಡಿ, ನನ್ನನ್ನು ಎಬ್ಬಿಸಿ, ಆಮೇಲೆ ಮಾತಾಡೋಣ ಎಂದರು ಆಕೆ. ಒಬ್ಬರಾದ ಮೇಲೆ ಒಬ್ಬರು ಸರ್ಜನ್‌ಗಳು ಒಪ್ಪಲಿಲ್ಲ. ಕೊನೆಗೆ ಒಬ್ಬರು ಒಪ್ಪಿದರು. ಆಕೆ ಅಷ್ಟಕ್ಕೇ ಬಿಡಲಿಲ್ಲ. ಬರೆದರು, ಸಭೆಗಳಿಗೆ ಹೋಗಿ ಎದ್ದು ನಿಂತು ಕೇಳಿದರು, ಬೈಸಿಕೊಂಡರು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮಿತಿಯಲ್ಲಿ ಡಾಕ್ಟರಲ್ಲದ ಆಕೆಗೂ ಕುರ್ಚಿ ಸಿಕ್ಕಿತು. ಪರೀಕ್ಷೆ ಬೇರೆ, ಆಪರೇಷನ್ ಬೇರೆ, ನಡುವೆ ರೋಗಿಗೆ ಯೋಚಿಸಲು ಸಮಯ ಕೊಡಬೇಕು ಎಂದು ಆ ಸಮಿತಿ ಹೇಳಿತು. ಇತ್ತ ಬರ್ನಾರ್ಡ್ ಫಿಶರ್ ಎಂಬ ಸರ್ಜನ್ ನಡೆಸಿದ ಅಧ್ಯಯನದಲ್ಲಿ, ಗಂಟನ್ನಷ್ಟೇ ತೆಗೆದರೂ ಇಡೀ ಸ್ತನ ತೆಗೆದರೂ ಬದುಕುಳಿಯುವುದರಲ್ಲಿ ವ್ಯತ್ಯಾಸ ಇಲ್ಲ ಎಂದು 1985ರಲ್ಲಿ ಗೊತ್ತಾಯಿತು. 20 ವರ್ಷ ಕಾದು ನೋಡಿ 2002ರಲ್ಲೂ ಅದನ್ನೇ ಹೇಳಿದರು.

ಈಗ ನಿಮ್ಮ ಕಡೆಯ ಮಾತಿಗೆ ಬರುತ್ತೇನೆ. ಎಲ್ಲದಕ್ಕೂ ರೋಗಿಯ ಇಷ್ಟ ಕೇಳುತ್ತ ಕೂರಲು ಆಗುತ್ತದಾ ಎಂದು ಕೇಳುತ್ತೀರಿ. ಇಲ್ಲ, ಆಗುವುದಿಲ್ಲ. ಅಪೆಂಡಿಕ್ಸ್ ಒಡೆದು ಬಂದವನಿಗೆ ಆಯ್ಕೆಗಳ ಪಟ್ಟಿ ಓದಬೇಡಿ. ಅಪಘಾತದಲ್ಲಿ ರಕ್ತ ಸುರಿಯುತ್ತಿದ್ದರೆ ನಿಲ್ಲಿಸಿ, ಮಾತು ಆಮೇಲೆ. ಆದರೆ ದಿನವೂ ನಿಮ್ಮ ಮುಂದೆ ಬಂದು ಕೂರುವ ನಮ್ಮಂಥವರಲ್ಲಿ ಜಾಸ್ತಿ ಜನ ಹಾಗೆ ಬಂದವರಲ್ಲ. ಯೋಚಿಸಲು ದಿನಗಳಿರುತ್ತವೆ, ವಾರಗಳಿರುತ್ತವೆ. ಒಂದಕ್ಕಿಂತ ಹೆಚ್ಚು ದಾರಿ ಇರುತ್ತದೆ.

ಪ್ರಾಸ್ಟೇಟ್, ಅಂದರೆ ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ, ಅದರ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಬ್ರಿಟನ್ನಿನಲ್ಲಿ, ಕ್ಯಾನ್ಸರ್ ಗ್ರಂಥಿಯೊಳಗೇ ಇದ್ದ 1643 ಗಂಡಸರನ್ನು ಮೂರು ಗುಂಪು ಮಾಡಿದರು. ಆಪರೇಷನ್, ವಿಕಿರಣ, ಮತ್ತು ಸುಮ್ನೆ ಆಗಾಗ ಪರೀಕ್ಷೆ ಮಾಡುತ್ತ ಕಾಯುವುದು. ಸುಮಾರು 15 ವರ್ಷದ ಮೇಲೆ, 2023ರಲ್ಲಿ ಹೇಳಿದ ಲೆಕ್ಕ ಇದು. ಆ ಕ್ಯಾನ್ಸರಿನಿಂದ ಸತ್ತವರು ಒಟ್ಟು 45, ನೂರಕ್ಕೆ ಮೂರು ಜನವೂ ಇಲ್ಲ. ಮೂರು ಗುಂಪಿನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಹಾಗಂತ ಮೂರೂ ಒಂದೇ ಅಲ್ಲ. ಕಾದವರಲ್ಲಿ ಕ್ಯಾನ್ಸರ್ ಬೇರೆ ಕಡೆಗೆ ಹರಡಿದ್ದು ಸುಮಾರು ಎರಡು ಪಟ್ಟು. ಆಪರೇಷನ್ ಆದವರಲ್ಲಿ ಮೂತ್ರ ಸೋರುವುದು, ಲೈಂಗಿಕ ತೊಂದರೆ ಜಾಸ್ತಿ. ವಿಕಿರಣ ಪಡೆದ ಕೆಲವರಿಗೆ ಕರುಳಿನ ತೊಂದರೆ. ಈಗ ಹೇಳಿ, ಇದರಲ್ಲಿ ಸರಿ ಉತ್ತರ ಯಾವುದು? ಮೈಯೊಳಗೆ ಕ್ಯಾನ್ಸರ್ ಇದೆ ಎಂದು ಗೊತ್ತಿದ್ದು ನಿದ್ದೆ ಬಾರದವನಿಗೆ ಒಂದು ಉತ್ತರ. ಬಟ್ಟೆ ಒದ್ದೆಯಾಗುವ ಭಯಕ್ಕೆ ಹೊರಗೆ ಹೋಗುವುದನ್ನೇ ಬಿಡುವಂಥವನಿಗೆ ಇನ್ನೊಂದು. ಕಾಯಿಲೆಯ ಬಗ್ಗೆ ನಿಮಗೆ ಎಷ್ಟು ಗೊತ್ತೋ ನಮ್ಮ ಬದುಕಿನ ಬಗ್ಗೆ ನಮಗೆ ಅಷ್ಟು ಗೊತ್ತು. ಈ ಲೆಕ್ಕಕ್ಕೆ ಎರಡೂ ಬೇಕು.

ಲೆಕ್ಕ ಎಂದೆ. ನನ್ನ ವೃತ್ತಿಯ ಒಂದು ತಕರಾರನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಂಕಿಗಳನ್ನು ದಯವಿಟ್ಟು ನೆಟ್ಟಗೆ ಹೇಳಿ. 1995ರಲ್ಲಿ ಬ್ರಿಟನ್ನಿನಲ್ಲಿ, ಹೊಸ ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು ಆಗುತ್ತದೆ ಎಂಬ ಎಚ್ಚರಿಕೆ ಹೊರಟಿತು. ಎರಡು ಪಟ್ಟು ಎಂದರೆ ಯಾರು ತಾನೇ ಹೆದರುವುದಿಲ್ಲ? ಎಷ್ಟೋ ಜನ ಮಾತ್ರೆ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಗರ್ಭಪಾತ ಹೆಚ್ಚಾದವು. ಆ ಎರಡು ಪಟ್ಟು ಏನಾಗಿತ್ತು ಗೊತ್ತಾ? 7000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ. ಗರ್ಭ ನಿಂತರೆ ರಕ್ತ ಹೆಪ್ಪುಗಟ್ಟುವ ಅಪಾಯ ಅದಕ್ಕಿಂತ ಜಾಸ್ತಿ. ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆಂಜರ್ ಈ ಉದಾಹರಣೆಯನ್ನು ಮತ್ತೆ ಮತ್ತೆ ಕೊಡುತ್ತಾರೆ. "ಅಪಾಯ ಅರ್ಧ ಆಗುತ್ತದೆ" ಎಂದು ನನಗೆ ಮಾತ್ರೆ ಬರೆದುಕೊಡುವಾಗ, ಯಾವುದರ ಅರ್ಧ ಎಂದೂ ಹೇಳಿ. ನೂರು ಜನ ನನ್ನಂಥವರು ಹತ್ತು ವರ್ಷ ಇದನ್ನು ನುಂಗಿದರೆ ಎಷ್ಟು ಜನಕ್ಕೆ ಒಳ್ಳೆಯದಾಗುತ್ತದೆ, ಎಷ್ಟು ಜನಕ್ಕೆ ತೊಂದರೆ, ಎಷ್ಟು ಜನ ಸುಮ್ನೆ ನುಂಗಿದ ಹಾಗೆ? ಇಷ್ಟು ಹೇಳಿದರೆ ಗಣಿತ ಬಾರದವರಿಗೂ ಅರ್ಥವಾಗುತ್ತದೆ. ಗಣಿತಕ್ಕೆ ಹೆದರುವವರ ಜೊತೆ 31 ವರ್ಷ ಕಳೆದು ಹೇಳುತ್ತಿದ್ದೇನೆ.

ಇನ್ನೊಂದು ಮಾತು, "ಅರ್ಥ ಆಯ್ತಾ?" ಅನ್ನುವ ಪ್ರಶ್ನೆಯ ಬಗ್ಗೆ. ಇದನ್ನು ನೀವೂ ಕೇಳುತ್ತೀರಿ, ಮೇಷ್ಟ್ರುಗಳೂ ಕೇಳುತ್ತೇವೆ. ತರಗತಿಯಲ್ಲಿ ಇದಕ್ಕೆ ಒಂದೇ ಉತ್ತರ. ಐವತ್ತು ಮಕ್ಕಳು ಒಟ್ಟಿಗೆ "ಹೂಂ" ಅಂತಾರೆ. ಮೊದಲ ವರ್ಷ ನಾನು ಅದನ್ನು ನಂಬಿದ್ದೆ. ಪರೀಕ್ಷೆಯಲ್ಲಿ ಗೊತ್ತಾಯಿತು. ಆಮೇಲೆ ಕೇಳುವ ರೀತಿ ಬದಲಿಸಿದೆ. "ನಾನು ಹೇಳಿದ್ದು ನೆಟ್ಟಗಿತ್ತಾ ನೋಡೋಣ, ನಿನ್ನ ಮಾತಲ್ಲಿ ಒಂದು ಸಲ ಹೇಳು" ಎನ್ನುತ್ತಿದ್ದೆ. ನಿಮ್ಮ ವೃತ್ತಿಯಲ್ಲೂ ಇದೇ ಉಪಾಯ ಇದೆಯಂತೆ. ಕೇಳಿ ಖುಷಿಯಾಯಿತು. ಆದರೆ ನನ್ನ ಮೇಲೆ ಇದುವರೆಗೆ ಯಾರೂ ಪ್ರಯೋಗಿಸಿಲ್ಲ. ರೋಗಿಗಳಿಗೆ ಡಾಕ್ಟರ ಕೋಣೆಯಲ್ಲಿ ಕೇಳಿದ ಮಾತಿನಲ್ಲಿ ನೂರಕ್ಕೆ 40ರಿಂದ 80ರಷ್ಟು ಆಗಲೇ ಮರೆತುಹೋಗುತ್ತದೆ, ನೆನಪಿದ್ದದ್ದರಲ್ಲೂ ಸುಮಾರು ಅರ್ಧ ತಪ್ಪಾಗಿ ನೆನಪಿರುತ್ತದೆ ಎಂದು ರಾಯ್ ಕೆಸೆಲ್ಸ್ ಎಂಬುವರು 2003ರಲ್ಲಿ ಬರೆದಿದ್ದಾರೆ. ನನಗಂತೂ "ಕ್ಯಾನ್ಸರ್ ಅಲ್ಲ" ಎಂದು ಒಮ್ಮೆ ಒಬ್ಬರು ಹೇಳಿದ ಮೇಲೆ ಮುಂದಿನ ಐದು ನಿಮಿಷದ ಒಂದು ಅಕ್ಷರವೂ ಕಿವಿಗೆ ಬಿದ್ದಿರಲಿಲ್ಲ. ಒಳ್ಳೆಯ ಸುದ್ದಿಗೇ ಹೀಗೆ.

ಸಮಯ ಎಲ್ಲಿದೆ ಅಂತೀರಿ. ಇದು ಸುಳ್ಳಲ್ಲ. ಹೊರಗೆ ಬೆಂಚಿನ ಮೇಲೆ ಕೂತಿರುವವರಲ್ಲಿ ನಾನೂ ಒಬ್ಬಳು, ಸಾಲು ಎಷ್ಟು ಉದ್ದ ಎಂದು ನನಗೂ ಗೊತ್ತು. ಆದರೆ ಇದಕ್ಕೂ ಯಾರೋ ಗಡಿಯಾರ ಹಿಡಿದಿದ್ದಾರೆ. 1984ರಲ್ಲಿ ಹೊವರ್ಡ್ ಬೆಕ್‌ಮನ್ ಮತ್ತು ರಿಚರ್ಡ್ ಫ್ರಾಂಕೆಲ್ ಅಳೆದಾಗ, ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಿದ್ದರು. ಬಿಟ್ಟರೆ ಈ ರೋಗಿ ಗಂಟೆಗಟ್ಟಲೆ ಮಾತಾಡುತ್ತಾರೆ ಎಂಬ ಭಯ. 2002ರಲ್ಲಿ ಸ್ವಿಟ್ಜರ್‌ಲ್ಯಾಂಡಿನಲ್ಲಿ, ರೋಗಿ ತಾನಾಗಿ ನಿಲ್ಲಿಸುವವರೆಗೆ ಸುಮ್ಮನಿರಿ ಎಂದು ಡಾಕ್ಟರುಗಳಿಗೆ ಹೇಳಿ 335 ರೋಗಿಗಳ ಮಾತನ್ನು ಅಳೆದರು. ಸರಾಸರಿ 92 ಸೆಕೆಂಡು! ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಎರಡು ನಿಮಿಷದೊಳಗೆ ಮುಗಿಸಿದರು. ಐದು ನಿಮಿಷ ದಾಟಿದವರು ಏಳೇ ಜನ. ಅವರು ಹೇಳಿದ್ದೂ ಕೆಲಸಕ್ಕೆ ಬರುವ ಮಾತೇ ಎಂದು ಡಾಕ್ಟರುಗಳಿಗೆ ಅನಿಸಿತ್ತು.

ಹಾಗಂತ ಎಲ್ಲವನ್ನೂ ನಮ್ಮ ತಲೆಗೆ ಕಟ್ಟಬೇಡಿ. ಇದು ಈಚೆಗೆ ಕಾಣುತ್ತಿರುವ ಹೊಸ ಚಾಳಿ. "ಎ ಮಾಡಬಹುದು, ಬಿ ಮಾಡಬಹುದು. ನೀವೇ ಯೋಚಿಸಿ ಹೇಳಿ" ಎಂದು ಪೆನ್ನು ಕೆಳಗಿಟ್ಟು ಕೂರುವುದು. ನನ್ನ ಅಕ್ಕನಿಗೆ ಹೀಗಾಯಿತು. ಆಗಷ್ಟೇ ಗರ್ಭಕೋಶದಲ್ಲಿ ಗಡ್ಡೆ ಇದೆ ಎಂದು ಗೊತ್ತಾಗಿದೆ, ಕೈ ನಡುಗುತ್ತಿದೆ. ಅವಳು "ನಿಮ್ಮ ಅಕ್ಕನಿಗೇ ಹೀಗಾಗಿದ್ದರೆ ಏನು ಮಾಡುತ್ತಿದ್ರಿ ಡಾಕ್ಟರೇ?" ಎಂದು ಕೇಳಿದಳು. ಹಾಗೆಲ್ಲ ಹೇಳುವಂತಿಲ್ಲ, ನಿರ್ಧಾರ ನಿಮ್ಮದೇ ಎಂದರಂತೆ. ಇದು ಗೌರವ ಕೊಟ್ಟ ಹಾಗಲ್ಲ, ಕೈ ಬಿಟ್ಟ ಹಾಗೆ. ಅಭಿಪ್ರಾಯ ಹೇಳಿ. ಯಾಕೆ ಹಾಗೆ ಅನಿಸುತ್ತದೆ ಎಂದೂ ಹೇಳಿ. ಅದಕ್ಕೂ ಮೊದಲು ನಮಗೆ ಯಾವುದು ಮುಖ್ಯ ಎಂದು ಕೇಳಿ. ಕೆಲವರು "ನನಗೆ ಏನೂ ಹೇಳಬೇಡಿ, ನೀವೇ ನೋಡಿಕೊಳ್ಳಿ" ಅಂತಾರೆ. ಹಾಗೆ ಹೇಳುವುದೂ ಅವರದೇ ತೀರ್ಮಾನ, ಅದನ್ನೂ ಒಪ್ಪಿಕೊಳ್ಳಿ. ಆದರೆ ಅದನ್ನು ಅವರ ಬಾಯಿಂದ ಕೇಳಿ. ಜೊತೆಗೆ ಬಂದವರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿ, ಅವರಿಂದ ಕೇಳಬೇಡಿ. 1961ರಲ್ಲಿ ಶಿಕಾಗೋದ ಒಂದು ಆಸ್ಪತ್ರೆಯಲ್ಲಿ ಡಾಕ್ಟರುಗಳನ್ನು ಕೇಳಿದಾಗ ನೂರಕ್ಕೆ 90 ಮಂದಿ ಕ್ಯಾನ್ಸರ್ ಇದ್ದರೆ ರೋಗಿಗೆ ಹೇಳುವುದಿಲ್ಲ ಎಂದಿದ್ದರು. 1979ರಲ್ಲಿ ಅಮೆರಿಕದಲ್ಲೇ ಅದೇ ಪ್ರಶ್ನೆ ಕೇಳಿದಾಗ 97 ಮಂದಿ ಹೇಳುತ್ತೇವೆ ಎಂದರು. 18 ವರ್ಷದಲ್ಲಿ ರೋಗಿಗಳ ಗುಂಡಿಗೆ ಗಟ್ಟಿಯಾಯಿತಾ? ಅದು ಮೊದಲಿಂದಲೂ ಅಷ್ಟೇ ಗಟ್ಟಿ ಇತ್ತು. ಯಾರೂ ಕೇಳಿರಲಿಲ್ಲ.

ನಮ್ಮ ಕಡೆಯ ತಪ್ಪನ್ನೂ ಹೇಳದೆ ಈ ಪತ್ರ ಮುಗಿಸಿದರೆ ಅದು ನ್ಯಾಯವಲ್ಲ. ನನಗೆ ಬಿಪಿ ಇದೆ. ಮಾತ್ರೆ ನುಂಗಿದರೆ ಕಾಲು ಊದುತ್ತಿತ್ತು. ಎಂಟು ತಿಂಗಳು ಒಂದು ದಿನ ಬಿಟ್ಟು ಒಂದು ದಿನ ನುಂಗಿದೆ. ಪ್ರತಿ ಸಲ "ಮಾತ್ರೆ ಸರಿಯಾಗಿ ತಗೋತಿದ್ದೀರಾ?" ಎಂದು ಕೇಳಿದಾಗಲೂ "ಹೂಂ" ಅಂದೆ. ನನ್ನ ತರಗತಿಯ ಮಕ್ಕಳ ಹಾಗೇ. ಬಿಪಿ ಇಳಿಯುತ್ತಿಲ್ಲ ಎಂದು ಪಾಪ ಆ ಡಾಕ್ಟರು ಡೋಸ್ ಜಾಸ್ತಿ ಮಾಡಿದರು. ಅವರದೇನು ತಪ್ಪು? ಕೊನೆಗೆ ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಬೇರೆ ಥರ ಕೇಳಿದರು. "ಎಷ್ಟೋ ಜನಕ್ಕೆ ದಿನಾ ನುಂಗೋಕೆ ಆಗಲ್ಲ. ವಾರದಲ್ಲಿ ಎಷ್ಟು ದಿನ ತಪ್ಪುತ್ತೆ?" ಎಂದರು. ತಟ್ಟನೆ ನಿಜ ಬಾಯಿಗೆ ಬಂತು. ಮಾತ್ರೆ ಬದಲಾಯಿಸಿದರು. ಕಾಲು ಊದುವುದು ನಿಂತಿತು. ಮುಂದುವರಿದ ದೇಶಗಳಲ್ಲೇ ದೀರ್ಘಕಾಲದ ಕಾಯಿಲೆಗಳಲ್ಲಿ ಸುಮಾರು ಅರ್ಧ ಜನ ಹೇಳಿದ ಹಾಗೆ ಔಷಧಿ ತೆಗೆದುಕೊಳ್ಳುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಬರೆದಿದೆ. ನಾವು ಹೇಗೂ ನಿರ್ಧಾರ ಮಾಡುತ್ತಲೇ ಇದ್ದೇವೆ ಡಾಕ್ಟರೇ. ನಿಮಗೆ ಗೊತ್ತಿಲ್ಲದೆ, ಮನೆಯಲ್ಲಿ, ಅರೆಬರೆ ತಿಳಿದುಕೊಂಡು ಮಾಡುತ್ತಿದ್ದೇವೆ. ಅದನ್ನೇ ನಿಮ್ಮ ಎದುರು ಕೂತು ಮಾಡಲು ಬಿಡಿ.

ಆಸ್ಪತ್ರೆ ನಡೆಸುವವರಿಗೆ ನನ್ನ ಬೇಡಿಕೆಗಳು ದೊಡ್ಡವಲ್ಲ. ತುರ್ತು ಇಲ್ಲದ ಆಪರೇಷನ್ನಿಗೆ ಒಪ್ಪಿಗೆ ಪತ್ರವನ್ನು ಕೆಲವು ದಿನ ಮೊದಲೇ ಮನೆಗೆ ಕೊಟ್ಟು ಕಳಿಸಿ. ನಮಗೆ ಬರುವ ಭಾಷೆಯಲ್ಲಿ, ಓದಲಾಗುವಷ್ಟು ದೊಡ್ಡ ಅಕ್ಷರದಲ್ಲಿ. ಈ ಆಪರೇಷನ್ ಬಿಟ್ಟು ಬೇರೆ ಏನು ದಾರಿ ಇದೆ, ಏನೂ ಮಾಡದಿದ್ದರೆ ಏನಾಗಬಹುದು, ಈ ಎರಡು ಸಾಲು ಅದರಲ್ಲಿ ಇರಲಿ. ಈಗಿನ ಪತ್ರಗಳಲ್ಲಿ ಏನೇ ಆದರೂ ಆಸ್ಪತ್ರೆ ಹೊಣೆಯಲ್ಲ ಎಂಬುದು ಮಾತ್ರ ಸ್ಪಷ್ಟವಾಗಿರುತ್ತದೆ. ಸಹಿಯನ್ನು ಪ್ಯಾಡ್ ಹಿಡಿದ ಹುಡುಗನ ಕೈಯಲ್ಲಿ ಹಾಕಿಸಬೇಡಿ, ಅವನಿಗೆ ಕೇಳಿದರೆ ಅವನಾದರೂ ಏನು ಹೇಳಿಯಾನು? ಆಪರೇಷನ್ ಮಾಡುವವರೋ ಅದನ್ನು ಚೆನ್ನಾಗಿ ಬಲ್ಲವರೋ ಎದುರಿಗೆ ಇರಲಿ.

ಮತ್ತೆ, ನಮ್ಮ ಬಗ್ಗೆ ನೀವು ಬರೆದುಕೊಂಡದ್ದನ್ನು ನಮಗೂ ಓದಲು ಕೊಡಿ. 2010ರಲ್ಲಿ ಅಮೆರಿಕದ ಮೂರು ಕಡೆ 105 ಡಾಕ್ಟರುಗಳು ತಮ್ಮ ಟಿಪ್ಪಣಿಗಳನ್ನು ರೋಗಿಗಳಿಗೆ ತೆರೆದಿಟ್ಟರು. ರೋಗಿಗಳು ಗಾಬರಿಯಾಗುತ್ತಾರೆ, ಫೋನು ಮಾಡಿ ಪ್ರಾಣ ತಿನ್ನುತ್ತಾರೆ ಎಂಬ ಭಯ ಮೊದಲು ಇತ್ತು. ಒಂದು ವರ್ಷ ಆದ ಮೇಲೆ ಕೇಳಿದರೆ, ಉತ್ತರ ಕೊಟ್ಟ ರೋಗಿಗಳಲ್ಲಿ ನೂರಕ್ಕೆ 99 ಜನ ಇದು ಹೀಗೇ ಮುಂದುವರಿಯಲಿ ಎಂದರು. ನಿಲ್ಲಿಸುತ್ತೇನೆ ಎಂದ ಡಾಕ್ಟರು ಒಬ್ಬರೂ ಇಲ್ಲ.

ಮುಂದಿನ ತಿಂಗಳು ನಾನು ಎಡ ಮಂಡಿ ತೋರಿಸಲು ಬರುತ್ತಿದ್ದೇನೆ. ಹೌದು, ಈಗ ಅದರ ಸರದಿ. ಆ ಹಳೆಯ ವಿದ್ಯಾರ್ಥಿನಿ ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದೇನೆ. ದಿನಾ ಅಲ್ಲ, ವಾರಕ್ಕೆ ನಾಲ್ಕು ದಿನ. ಇದನ್ನೂ ಮುಚ್ಚಿಡದೆ ಹೇಳುತ್ತೇನೆ. ಒಂದು ಸಣ್ಣ ಪುಸ್ತಕದಲ್ಲಿ ಮೂರು ಪ್ರಶ್ನೆ ಬರೆದುಕೊಂಡಿದ್ದೇನೆ. ಅದರ ಕೆಳಗೆ, ಯಾರೂ ಕೇಳದಿದ್ದರೂ ನಾನಾಗಿ ಹೇಳಬೇಕಾದ್ದು ಒಂದಿದೆ. ನನಗೆ ಓಡುವುದು ಬೇಕಿಲ್ಲ, ನೆಲದ ಮೇಲೆ ಕೂರುವುದೂ ಬೇಕಿಲ್ಲ. ಎರಡನೇ ಮಹಡಿಯಲ್ಲಿರುವ ಲೈಬ್ರರಿಗೆ ಮೆಟ್ಟಿಲು ಹತ್ತಿ ಹೋಗಿ, ಇಳಿದು ಬರುವಂತಿರಬೇಕು. ಅಷ್ಟಕ್ಕೆ ಏನು ಮಾಡಬಹುದು, ಹೇಳಿ. ಕನ್ನಡಕ ಹಾಕಿಕೊಂಡೇ ಬರುತ್ತೇನೆ.

ಇತಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕಿ